ಅದೇ ಅನ್ನ-ಸಾರು, ಮಗು ಬಿಡದೆ ತಿನ್ನುವ ಹಾಗೆ

ನನ್ನ ತಮ್ಮನ ಮಗಳಿಗೆ ಏಳು ವರ್ಷ. ರಾತ್ರಿ ಅನ್ನ-ಸಾರು ಬಡಿಸಿದರೆ ಮೊದಲು ಕರಿಬೇವನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು. ಆಮೇಲೆ ಟೊಮೆಟೊ ಸಿಪ್ಪೆ. ಆಮೇಲೆ ಸಾಸಿವೆ. ಅಷ್ಟರಲ್ಲಿ ಅನ್ನ ಆರಿ ಹೋಗಿ, "ಸಾಕು" ಅಂತ ಎದ್ದುಬಿಡುತ್ತಿದ್ದಳು.

ಇಂಥ ಮಕ್ಕಳಿಗೆ ಬೇರೆ ಅಡುಗೆ ಮಾಡಿಕೊಡಲು ಹೋಗಬೇಡಿ. ಅವಳಿಗೆ ಸಾರಿನ ರುಚಿ ಇಷ್ಟವೇ ಇತ್ತು. ಬಾಯಿಗೆ ಸಿಗುವ ಚೂರುಗಳು ಆಗುತ್ತಿರಲಿಲ್ಲ, ಅಷ್ಟೇ.

ಬೇಳೆ, ಟೊಮೆಟೊ: ಅರ್ಧ ಲೋಟ ತೊಗರಿಬೇಳೆಗೆ ಚಿಟಿಕೆ ಅರಿಸಿನ ಹಾಕಿ ಕುಕ್ಕರಿನಲ್ಲಿ ಬೇಯಿಸಿ. 2 ಟೊಮೆಟೊ ಅದೇ ಕುಕ್ಕರಿನಲ್ಲಿ ಬೇಯಲಿ, ಆದರೆ ಬೇರೆ ಬಟ್ಟಲಿನಲ್ಲಿ. ಬೇಳೆಯ ಜೊತೆಗೇ ಹಾಕಿದರೆ ಹುಳಿಗೆ ಬೇಳೆ ಬೇಗ ಬೇಯುವುದಿಲ್ಲ. ಟೊಮೆಟೊ ಆರಿದ ಮೇಲೆ ಸಿಪ್ಪೆ ಸುಲಿದು, ಕಿವುಚಿ, ಸೋಸಿಕೊಳ್ಳಿ. ಪ್ಯಾಕೆಟ್ ಟೊಮೆಟೊ ಪ್ಯೂರಿ ಬೇಡವೇ ಬೇಡ. ಸಾರು ಸಾಸ್ ಥರ ಆಗುತ್ತದೆ.

ಸಾರಿನ ಪುಡಿ: ಬೇಳೆ ಮಸೆದು, ಟೊಮೆಟೊ ರಸ, ಸ್ವಲ್ಪ ಹುಣಸೆ ರಸ, ಉಪ್ಪು, ಅಡಿಕೆ ಗಾತ್ರದ ಬೆಲ್ಲ, ಬೇಕಾದಷ್ಟು ನೀರು ಸೇರಿಸಿ ಕುದಿಸಿ. ಹಸಿ ವಾಸನೆ ಹೋದ ಮೇಲೆ ಒಂದೂವರೆ ಚಮಚ ಪುಡಿ. ನೊರೆ ಒಮ್ಮೆ ಮೇಲೆದ್ದು ಬಂದರೆ ಉರಿ ಆರಿಸಿ. ಜಾಸ್ತಿ ಕುದಿಸಿದರೆ ಘಮವೆಲ್ಲ ಹೋಗುತ್ತದೆ. ಪುಡಿಗೆ ಬ್ಯಾಡಗಿ ಮೆಣಸಿನಕಾಯಿಯೇ ಇರಲಿ. ಬಣ್ಣ ಚೆನ್ನಾಗಿ ಬರುತ್ತದೆ, ಖಾರ ಕಡಿಮೆ. ಗುಂಟೂರು ಹಾಕಿದರೆ ಮಗು ಒಂದೇ ತುತ್ತಿಗೆ ನೀರು ಕೇಳುತ್ತದೆ. ತಿಂಗಳುಗಟ್ಟಲೆ ಡಬ್ಬದಲ್ಲಿದ್ದ ಪುಡಿಯಲ್ಲಿ ಬಣ್ಣ ಬಿಟ್ಟರೆ ಏನೂ ಉಳಿದಿರುವುದಿಲ್ಲ. ಹದಿನೈದು ದಿನಕ್ಕಾಗುವಷ್ಟು ಮನೆಯಲ್ಲೇ ಹುರಿದು ಪುಡಿ ಮಾಡಿಕೊಳ್ಳಿ.

ಒಗ್ಗರಣೆ: ಹೆಚ್ಚಿನವರು ಸಾರು ಕೆಡಿಸುವುದು ಇಲ್ಲೇ. ತುಪ್ಪ ಕಾಯುವ ಮೊದಲೇ ಸಾಸಿವೆ ಹಾಕಿಬಿಡುತ್ತಾರೆ. ಅದು ಸಿಡಿಯದೆ ಸುಮ್ನೆ ಕರಿದು ಕಹಿಯಾಗುತ್ತದೆ. ಇಲ್ಲವೇ ಹೊಗೆ ಬರುವ ತುಪ್ಪಕ್ಕೆ ಇಂಗು ಉದುರಿಸುತ್ತಾರೆ. ಅಂಗಡಿಯ ಇಂಗಿನ ಪುಡಿಯಲ್ಲಿ ಹಿಟ್ಟು ಬೆರೆತಿರುತ್ತದೆ, ಅದು ಕ್ಷಣದಲ್ಲಿ ಸೀಯುತ್ತದೆ.

ಹೀಗೆ ಮಾಡಿ. ಕಬ್ಬಿಣದ ಒಗ್ಗರಣೆ ಸೌಟಿಗೆ ಎರಡು ಚಮಚ ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ಒಂದೇ ಒಂದು ಸಾಸಿವೆ ಕಾಳು ಹಾಕಿ ನೋಡಿ. ಅದು ತಳದಲ್ಲೇ ಕೂತರೆ ಇನ್ನೂ ಕಾಯಬೇಕು. ಚಿಟ್ ಅಂತ ಸಿಡಿದರೆ ಉಳಿದ ಸಾಸಿವೆ ಹಾಕಿ. ಮುಕ್ಕಾಲು ಪಾಲು ಸಿಡಿದ ಕೂಡಲೇ ಉರಿ ಆರಿಸಿ. ಕಬ್ಬಿಣ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಉಳಿದವು ಆ ಬಿಸಿಗೇ ಸಿಡಿಯುತ್ತವೆ. ಈಗ ಜೀರಿಗೆ, ಆಮೇಲೆ ಇಂಗು, ಕೊನೆಗೆ ಕರಿಬೇವು. ಕರಿಬೇವನ್ನು ಬಟ್ಟೆಯಲ್ಲಿ ಒತ್ತಿ ಒರೆಸಿರಬೇಕು, ಇಲ್ಲದಿದ್ದರೆ ತುಪ್ಪ ಕೈಗೆ ಸಿಡಿಯುತ್ತದೆ. ಎರಡಾಗಿ ಹರಿದು ಹಾಕಿದರೆ ವಾಸನೆ ಚೆನ್ನಾಗಿ ಬಿಡುತ್ತದೆ.

ಹತ್ತು ಎಣಿಸುವಷ್ಟು ಹೊತ್ತು ಬಿಡಿ. ಈಗ ಸ್ಟೀಲಿನ ಟೀ ಸೋಸುವ ಜಾಲರಿಯನ್ನು ಸಾರಿನ ಪಾತ್ರೆಯ ಮೇಲೆ ಹಿಡಿದು ಒಗ್ಗರಣೆ ಸುರಿಯಿರಿ. ಪ್ಲಾಸ್ಟಿಕ್ ಜಾಲರಿ ಬೇಡ, ಕರಗುತ್ತದೆ. ಕರಿಬೇವು, ಇಂಗಿನ ಘಮವೆಲ್ಲ ಆಗಲೇ ತುಪ್ಪಕ್ಕೆ ಇಳಿದಿರುತ್ತದೆ. ಅದು ಸಾರಿಗೆ ಹೋಗುತ್ತದೆ, ಚೂರುಗಳು ಜಾಲರಿಯಲ್ಲಿ ನಿಲ್ಲುತ್ತವೆ. ತಕ್ಷಣ ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಡಿ. ಮಗುವಿನ ಪಾಲು ತೆಗೆದಿಟ್ಟ ಮೇಲೆ ಜಾಲರಿಯಲ್ಲಿರುವುದನ್ನು ದೊಡ್ಡವರ ಸಾರಿಗೆ ಹಾಕಿ. ಕರಿಬೇವಿಲ್ಲದ ಸಾರು ನನಗಂತೂ ಸೇರುವುದಿಲ್ಲ.

ಬಡಿಸುವುದು: ಅನ್ನ ಮೆತ್ತಗೆ, ಬಿಸಿಬಿಸಿಯಾಗಿ ಇರಲಿ. ಮೊದಲು ಅರ್ಧ ಚಮಚ ತುಪ್ಪ ಹಾಕಿ ಅನ್ನ ಹಿಸುಕಿ, ಆಮೇಲೆ ಸಾರು. ಪಕ್ಕಕ್ಕೆ ಸಂಡಿಗೆಯೋ ಹಪ್ಪಳವೋ ಇರಲೇಬೇಕು. ಸಂಡಿಗೆ ಕರಿಯುವ ಎಣ್ಣೆಗೆ ಮೊದಲು ಸಣ್ಣ ಚೂರು ಹಾಕಿ ನೋಡಿ, ತಟ್ಟನೆ ಅರಳಿ ಮೇಲೆ ಬರಬೇಕು. ಎಣ್ಣೆ ಕಾಯದಿದ್ದರೆ ಅದು ಅರಳದೆ ಹಲ್ಲಿಗೆ ಗಟ್ಟಿಯಾಗುತ್ತದೆ.

ಸಂಡಿಗೆಯನ್ನು ತಟ್ಟೆಗೆ ಹಾಕಬೇಡಿ, ಸಾರು ತಗುಲಿ ಮೆತ್ತಗಾಗುತ್ತದೆ. ಮಗುವಿನ ಎಡಗೈಗೆ ಕೊಡಿ. ನಮ್ಮ ಹುಡುಗಿ ಈಗ ಒಂದು ತುತ್ತು ಅನ್ನ, ಒಂದು ಕಡಿತ ಸಂಡಿಗೆ ಅಂತ ಲೆಕ್ಕ ಇಟ್ಟುಕೊಂಡು ತಿನ್ನುತ್ತಾಳೆ. ಸಂಡಿಗೆ ಮುಗಿದು ಅನ್ನ ಉಳಿದರೆ ಇನ್ನೊಂದು ಸಂಡಿಗೆ, ಅನ್ನ ಮುಗಿದು ಸಂಡಿಗೆ ಉಳಿದರೆ ಇನ್ನೊಂದು ಸೌಟು ಅನ್ನ.