ಹಳೆಯ ಎಲ್‌ಪಿ ಕೊಳ್ಳುವ ಮೊದಲು ಓರೆ ಮಾಡಿ ನೋಡಿ

ದೊಡ್ಡ ಗಾಯಕರ ಹಳೆಯ ಎಲ್‌ಪಿ, ಅಂದರೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಲಾಂಗ್ ಪ್ಲೇ ರೆಕಾರ್ಡ್ ಸಿಕ್ಕಿದರೆ ನಾನೀಗ ಬರೀ ಕವರ್ ನೋಡಿ ಕೊಳ್ಳುವುದಿಲ್ಲ. ಒಮ್ಮೆ ಹಾಗೆ ಮೋಸ ಹೋಗಿದ್ದೇನೆ. ಕವರ್ ಹಳೆಯದು, ಒಳಗಿದ್ದ ತಟ್ಟೆ ಎಷ್ಟೋ ವರ್ಷಗಳ ನಂತರ ಒತ್ತಿದ್ದು. ತುಂಬಾ ಬೇಜಾರಾಗಿತ್ತು.

ತಟ್ಟೆಯನ್ನು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ಓರೆ ಮಾಡಿ. ಹಾಡಿನ ಗೆರೆಗಳು ಮುಗಿದು ಲೇಬಲ್ ಶುರುವಾಗುವ ಮುಂಚೆ ನುಣುಪಾದ ಪಟ್ಟಿ ಇರುತ್ತದೆ, ಅಲ್ವಾ? ಅಲ್ಲಿ ಸಣ್ಣದಾಗಿ ಗೀಚಿದ ಅಥವಾ ಅಚ್ಚೊತ್ತಿದ ಅಕ್ಷರ, ಅಂಕಿಗಳು ಕಾಣುತ್ತವೆ. ಅದೇ ಮ್ಯಾಟ್ರಿಕ್ಸ್ ನಂಬರ್, ಅಂದರೆ ತಟ್ಟೆಯನ್ನು ಯಾವ ಅಚ್ಚಿನಿಂದ ಒತ್ತಿದ್ದು ಅನ್ನುವುದರ ಗುರುತು. ಬರೆದುಕೊಂಡು, ರೆಕಾರ್ಡ್‌ಗಳ ವಿವರ ಪಟ್ಟಿ ಮಾಡಿರುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಹೋಲಿಸಿ. ಲೇಬಲ್ಲಿನ ಬಣ್ಣ, ಲೋಗೋ, ಕೆಳಗಿನ ಸಣ್ಣಕ್ಷರ ಎಲ್ಲವೂ ತಾಳೆಯಾಗಬೇಕು.

ಇಸವಿ ನೆನಪಿರಲಿ. ವಿನೈಲ್ ಎಲ್‌ಪಿ ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ಇಟಲಿಯ ಹೆಸರಾಂತ ಒಪೆರಾ ಗಾಯಕ ಎನ್ರಿಕೊ ಕರೂಸೊ ತೀರಿಕೊಂಡದ್ದು 1921ರಲ್ಲಿ. ಹಾಗಾಗಿ ಅವರ ಎಲ್‌ಪಿ ಯಾವುದೇ ಇರಲಿ, ಮರುಮುದ್ರಣವೇ. ಅವರ ಕಾಲದ ತಟ್ಟೆಗಳು ಅರಗಿನವು, ಬಿದ್ದರೆ ಒಡೆಯುತ್ತವೆ. ಕವರಿನಲ್ಲಿ ಬಾರ್‌ಕೋಡ್ ಅಚ್ಚಾಗಿದ್ದರೆ ಆ ಕವರ್ 1950ರ ದಶಕದ್ದಲ್ಲ.

ಆದರೆ ಮರುಮುದ್ರಣ ಅಂತ ಸುಮ್ನೆ ದೂರ ಇಡಬೇಡಿ. ಹಾಕಿ ಕೇಳಿ. ಸಾಲಿನ ನಡುವೆ ಗಾಯಕಿ ಉಸಿರೆಳೆಯುವ ಸದ್ದು ಸ್ಪಷ್ಟವಾಗಿ ಕೇಳಿಸಿದರೆ, ನಾನಂತೂ ಆ ತಟ್ಟೆಯನ್ನು ಬಿಡುವುದಿಲ್ಲ. ಮನೆಗೆ ತಂದ ಮೇಲೆ ನೆಟ್ಟಗೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ಬಾಗುತ್ತವೆ.