ಲಿಂಕ್ ಓಪನ್ ಆಗವಲ್ದು ಸರ್!

ಪುಣೆಯ ಕೊಥ್ರೂಡಿನಲ್ಲಿರುವ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಜಾವಾ ಹೇಳಿಕೊಡುತ್ತೇನೆ. ಬರುವವರೆಲ್ಲ ಬೀದರ್, ಕಲಬುರಗಿ ಕಡೆಯ ಹುಡುಗರು. ಜಾವಾದ ವೆಬ್ ಪ್ರೋಗ್ರಾಮು ಓಡಿಸುವ ಟಾಮ್‌ಕ್ಯಾಟ್ ಸರ್ವರ್ ಹಾಕಿಕೊಳ್ಳುವುದು ಹೇಗೆಂದು ಎರಡು ಪುಟದ ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಐದೇ ವಾರಕ್ಕೆ ಫೋನು: “ಸರ್, ಲಿಂಕ್ ಓಪನ್ ಆಗವಲ್ದು. 404 ಅಂತದ.”

ತಪ್ಪು ನನ್ನದೇ. ಜಿಪ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಬಂದ ವಿಳಾಸವನ್ನೇ ಅಂಟಿಸಿದ್ದೆ. ಅದು ‘ಡಿಎಲ್‌ಸಿಡಿಎನ್’ ಎಂದು ಶುರುವಾಗುವ ವಿಳಾಸ. ಅಲ್ಲಿ ಟಾಮ್‌ಕ್ಯಾಟ್ ಹೊರತರುವ ಅಪಾಚೆ ಸಂಸ್ಥೆಯವರು ಸದ್ಯದ ಬಿಡುಗಡೆಗಳನ್ನಷ್ಟೇ ಇಡುತ್ತಾರೆ. ಟಾಮ್‌ಕ್ಯಾಟ್‌ಗೆ ಹೆಚ್ಚುಕಮ್ಮಿ ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತದೆ. ಹಳೆಯದು ಅಲ್ಲಿಂದ ಎದ್ದು ಆರ್ಕೈವ್‌ಗೆ ಹೋಗುತ್ತದೆ, ನನ್ನ ಲಿಂಕ್ ಅನಾಥ.

ಹೀಗೆ ಎಡವಿದ್ದು ಎರಡನೇ ಸಲ. 2021ಕ್ಕೆ ಮೊದಲು ಡೌನ್‌ಲೋಡ್ ಪುಟ ನಮಗೆ ಹತ್ತಿರದ ಮಿರರ್ (ಅವೇ ಫೈಲುಗಳ ನಕಲು ಇಟ್ಟುಕೊಂಡ ಬೇರೆಯವರ ಸರ್ವರ್) ಒಂದನ್ನು ಆರಿಸಿ ತೋರಿಸುತ್ತಿತ್ತು. ಆಗ ಆ ಮಿರರ್ ವಿಳಾಸವನ್ನೇ ಬರೆದಿಟ್ಟಿದ್ದೆ; ಒಂದು ದಿನ ಅದು ನಿಂತೇಹೋಯಿತು. ಬಿಟ್ಟಿ ಸೇವೆ, ದೂರುವ ಹಾಗೂ ಇಲ್ಲ. ಸ್ವಾರಗೇಟಿನಲ್ಲಿ ಹುಬ್ಬಳ್ಳಿ ಬಸ್ಸು ಇವತ್ತು ನಿಂತ ಪ್ಲಾಟ್‌ಫಾರ್ಮ್ ನಂಬರನ್ನು ಊರವರಿಗೆಲ್ಲ ಹೇಳಿಟ್ಟ ಹಾಗಾಯಿತು. ವಿಚಾರಣೆ ಕಿಟಕಿ ತೋರಿಸಿದ್ದರೆ ಸಾಕಿತ್ತು.

ಈಗ ಪಿಡಿಎಫ್‌ನಲ್ಲಿ ಟಾಮ್‌ಕ್ಯಾಟ್ ತಾಣದ ‘ಡೌನ್‌ಲೋಡ್-90.ಸಿಜಿಐ’ ಪುಟದ ಲಿಂಕ್ ಮಾತ್ರ ಇದೆ. ಫೈಲನ್ನು ಎಲ್ಲಿಂದ ಕೊಡಬೇಕೆಂದು ಆ ಪುಟವೇ ಆಗಿಂದಾಗ್ಗೆ ನಿರ್ಧರಿಸುತ್ತದೆ. 9ನೇ ಆವೃತ್ತಿಯದ್ದೇ ಪುಟ ಯಾಕೆಂದರೆ, 10ರಿಂದ ಕೋಡಿನಲ್ಲಿ ಬಳಸುವ ಪ್ಯಾಕೇಜುಗಳ ಹೆಸರಿನಲ್ಲಿ ‘ಜಾವಾಎಕ್ಸ್’ ಹೋಗಿ ‘ಜಕಾರ್ತಾ’ ಬಂದಿದೆ. ನಮ್ಮ ಹಳೆಯ ಪ್ರಾಜೆಕ್ಟ್ ಅದರಲ್ಲಿ ಏಳುವುದೇ ಇಲ್ಲ. ಇಂಥದ್ದೇ ಆವೃತ್ತಿ ಬೇಕೆಂದಾಗ ಆರ್ಕೈವ್ ಲಿಂಕ್ ಕೊಡುತ್ತೇನೆ. ಆದರೆ ಹನ್ನೆರಡು ಜನ ಒಟ್ಟಿಗೆ ಅದರ ಮೇಲೆ ಬೀಳುವುದು ಸರಿಯಲ್ಲ. ಒಬ್ಬ ಇಳಿಸಿಕೊಳ್ಳುತ್ತಾನೆ, ಉಳಿದವರಿಗೆ ಪೆನ್‌ಡ್ರೈವ್.

ಚೆಕ್‌ಸಮ್ (ಫೈಲು ಸರಿಯಾಗಿ ಬಂದಿದೆಯೇ ಎಂದು ನೋಡಲು ಅದರ ಬೆರಳಚ್ಚಿನಂಥ ಅಕ್ಷರಸಾಲು) ಮಾತ್ರ ಅಪಾಚೆಯದೇ ‘ಡೌನ್‌ಲೋಡ್ಸ್’ ಸರ್ವರ್‌ನಿಂದ. ಜಿಪ್ ಬದಲಾಯಿಸಬಲ್ಲವನಿಗೆ ಅದರ ಪಕ್ಕದಲ್ಲಿರುವ ಚೆಕ್‌ಸಮ್ ಬದಲಾಯಿಸುವುದು ಎಷ್ಟರ ಕೆಲಸ? ಒಮ್ಮೆ ಪಿಜಿಯ ವೈಫೈ ನಡುವೆ ಕೈಕೊಟ್ಟು ಒಬ್ಬನಿಗೆ ಅರೆಬರೆ ಜಿಪ್ ಬಂದಿತ್ತು. ವಿಂಡೋಸ್‌ನ ಸರ್ಟ್‌ಯುಟಿಲ್ ಓಡಿಸಿ ಚೆಕ್‌ಸಮ್ ಲೆಕ್ಕ ಹಾಕಿಸಿದಾಗಲೇ ಗೊತ್ತಾದದ್ದು. ಎಸ್‌ಎಚ್‌ಎ-512 ಬಗೆಯ ಚೆಕ್‌ಸಮ್ ಅಂದರೆ 128 ಅಕ್ಷರ. ಕಣ್ಣಲ್ಲಿ ಹೋಲಿಸುವ ಸಾಹಸ ಬೇಡ; ಎರಡನ್ನೂ ನೋಟ್‌ಪ್ಯಾಡ್‌ಗೆ ಹಾಕಿ, ಒಂದನ್ನು ಹಿಡಿದು ಇನ್ನೊಂದನ್ನು ಹುಡುಕಿಸುತ್ತೇನೆ.

ಹಳೆಯ ಪಿಡಿಎಫ್ ಇನ್ನೂ ಯಾವ್ಯಾವುದೋ ಗ್ರೂಪಿನಲ್ಲಿ ಓಡಾಡುತ್ತಿದೆ. ಹೋದ ವಾರವೂ ಗುರುತಿಲ್ಲದ ನಂಬರಿನಿಂದ ಫೋನು: “ಸರ್, 404...”