ಬೆಕ್ಕು ನಾಯಿ ಇರೋ ಫ್ಲಾಟಲ್ಲಿ ಜಿರಳೆ, ಇರುವೆ, ಸೊಳ್ಳೆ ಓಡಿಸೋದು ಹೇಗೆ

ನಮ್ಮನೇಲಿ ಒಂದು ಕರಿ ಬೆಕ್ಕು, ಒಂದು ನಾಟಿ ನಾಯಿ, ಬೆಂಗಳೂರಲ್ಲಿ ಮೂರನೇ ಮಹಡಿ ಫ್ಲಾಟು, ಅದರ ಜೊತೆ ಕರೀದೇ ಬರೋ ಜಿರಳೆಗಳು. ಎರಡು ವರ್ಷದ ಹಿಂದೆ ಸಿಂಕ್ ಕೆಳಗೆ ಜಿರಳೆ ಚಾಕ್‌ಪೀಸಲ್ಲಿ ಗೆರೆ ಎಳೆದುಬಿಟ್ಟೆ, ಸೀಮೆಸುಣ್ಣ ತಾನೆ, ಏನಾಗತ್ತೆ ಅಂತ. ರಾತ್ರಿ ನೋಡಿದ್ರೆ ಬೆಕ್ಕು ಅದ್ರ ಮೇಲೇ ಹೊರಳಾಡಿ ಬಂದು ಸೋಫಾ ಮೇಲೆ ಕೂತು ಆರಾಮಾಗಿ ಪಂಜ ನೆಕ್ತಾ ಇದೆ, ಕಪ್ಪು ಮೈಮೇಲೆ ಬಿಳಿ ಪುಡಿ ಎದ್ದು ಕಾಣ್ತಿದೆ. ಸ್ವಲ್ಪ ಹೊತ್ತಿಗೆ ಜೊಲ್ಲು ಸುರಿಯೋಕೆ ಶುರು, ಆಮೇಲೆ ಕಿವಿ ಪಟಪಟ ಅದುರೋಕೆ ಶುರು. ಡಾಕ್ಟ್ರಿಗೆ ಫೋನ್ ಮಾಡಿದ್ರೆ ಮೊದಲು ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೀರಿ, ಒರೆಸಿ ಬೆಚ್ಚಗೆ ಸುತ್ಕೊಂಡು ತಕ್ಷಣ ಬನ್ನಿ ಅಂದ್ರು. ಬದುಕ್ತು. ನನ್ನ ಎರಡು ಕೈ ಮೇಲೂ ಗೀರು ಇನ್ನೂ ಇವೆ.

ಆ ಚಾಕ್‌ಪೀಸಲ್ಲಿ ಇರೋದು ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಥರದ್ದು, ಪೈರೆಥ್ರಾಯ್ಡ್ ಅಂತಾರೆ ಇವಕ್ಕೆಲ್ಲ. ನಾವು, ನಾಯಿ, ಒಂದು ಮಟ್ಟಕ್ಕೆ ತಡ್ಕೋತೀವಿ, ಆದ್ರೆ ಬೆಕ್ಕಿನ ಲಿವರ್‌ಗೆ ಇದನ್ನ ಬೇಗ ಒಡೆದು ಹೊರಗೆ ಹಾಕೋ ಶಕ್ತಿ ಇಲ್ಲ. ಅದಕ್ಕೇ ನಾಯಿ ಕತ್ತಿಗೆ ಹಾಕೋ ಪರ್ಮೆಥ್ರಿನ್ ಇರೋ ಡ್ರಾಪ್ಸನ್ನ ಬೆಕ್ಕಿಗೆ ಹಾಕಿದ್ರೆ ಸತ್ತೇ ಹೋಗಬಹುದು. ಇನ್ನೊಂದು, ಬೆಕ್ಕಿನ ಕಾಲಿಗೆ ಏನು ಅಂಟತ್ತೋ ಅದು ಹೊಟ್ಟೆಗೇ ಹೋಗೋದು. ಹಾಗಾಗಿ ನಾನೀಗ ಯಾವ ಔಷಧಿ ತಂದ್ರೂ ಕೇಳ್ಕೊಳ್ಳೋದು ಒಂದೇ ಪ್ರಶ್ನೆ, ಇದು ನೆಕ್ಕೋ ಜಾಗದಲ್ಲಿ ಇರತ್ತಾ ಇಲ್ವಾ.

ಜಿರಳೆ ವಿಷಯಕ್ಕೆ ಬರೋಣ. ಅಡುಗೆಮನೆ ಕಬೋರ್ಡಲ್ಲಿ ಓಡಾಡೋ ಸಣ್ಣ ಕಂದು ಜಿರಳೆ ಬೇರೆ, ಬಾತ್‌ರೂಮಿಂದ ಬರೋ ದಪ್ಪ ಕೆಂಪು ಜಿರಳೆ ಬೇರೆ. ದಪ್ಪದ್ದು ಡ್ರೈನಿಂದ ಬರೋದು. ಬಾತ್‌ರೂಮ್ ನೆಲದ ಜಾಲರಿ ಕೆಳಗೆ, ಪ್ಲಂಬರ್‌ಗಳು ನಾನಿ ಟ್ರ್ಯಾಪ್ ಅಂತಾರಲ್ಲ, ಅದ್ರಲ್ಲಿ ಯಾವಾಗ್ಲೂ ಸ್ವಲ್ಪ ನೀರು ನಿಂತಿರಬೇಕು, ಆ ನೀರೇ ಬಾಗಿಲು. ಬಳಸದೇ ಇರೋ ಗೆಸ್ಟ್ ಬಾತ್‌ರೂಮಲ್ಲಿ ನೀರು ಒಣಗಿಹೋಗತ್ತೆ, ಜಿರಳೆಗೆ ರಾಜಮಾರ್ಗ. ವಾರಕ್ಕೆ ಒಂದು ಮಗ್ ನೀರು ಹುಯ್ಯಿರಿ, ಸಣ್ಣ ತೂತಿನ ಜಾಲರಿ ಹಾಕಿಸಿ, ಸಿಂಕ್ ಪೈಪ್ ಗೋಡೆಯೊಳಗೆ ಹೋಗೋ ಸಂದಿಗೆ ವೈಟ್ ಸಿಮೆಂಟ್ ಮೆತ್ತಿ. ಅರ್ಧ ಕೆಲಸ ಅಲ್ಲೇ ಮುಗೀತು, ವಿಷದ ಮಾತೇ ಇಲ್ಲ.

ಸಣ್ಣದು ಹಠಮಾರಿ. ಒಂದೊಂದು ಮೊಟ್ಟೆ ಚೀಲದಲ್ಲಿ 30-40 ಮರಿ ಇರತ್ತೆ, ಸ್ಪ್ರೇ ಹೊಡೆದ್ರೆ ಕಣ್ಣೆದುರಿನವು ಸಾಯ್ತವೆ, ಮೊಟ್ಟೆಗೆ ಏನೂ ಆಗಲ್ಲ, ತಿಂಗಳಿಗೆ ಮತ್ತೆ ಹಾಜರ್. ಇದಕ್ಕೆ ನನ್ನ ಲೆಕ್ಕದಲ್ಲಿ ಜಿರಳೆ ಔಷಧಿ ಜೆಲ್ಲೇ ಸರಿ. ಸಿರಿಂಜಲ್ಲಿ ಸಿಗತ್ತೆ, ಹೆಸರುಕಾಳಿಗಿಂತ ಚಿಕ್ಕ ಚುಕ್ಕಿ ಸಾಕು, ಕಬೋರ್ಡ್ ಕೀಲಿನ ಸಂದಿ, ಡ್ರಾಯರ್ ಹಿಂದೆ, ಫ್ರಿಜ್ ಹಿಂಬದಿ ಮೋಟರ್ ಪಕ್ಕ, ಅಂದ್ರೆ ನಾಲಿಗೆ ತಲುಪದ ಕಡೆ ಮಾತ್ರ ಇಡಿ. ತಿಂದ ಜಿರಳೆ ಗೂಡಿಗೆ ಹೋಗಿ ಸಾಯತ್ತೆ, ಅದರ ಹಿಕ್ಕೆ, ಹೆಣ ತಿಂದು ಉಳಿದವೂ ಸಾಯ್ತವೆ. ಜೆಲ್ ಇಟ್ಟ ಜಾಗಕ್ಕೆ ಸ್ಪ್ರೇ, ಫಿನಾಯ್ಲ್ ಹಾಕಬೇಡಿ, ಆಮೇಲೆ ಅವು ಹತ್ರಾನೇ ಸುಳಿಯಲ್ಲ. ಎರಡು ವಾರ ಬಿಟ್ಟು ಇನ್ನೊಂದ್ಸಲ ಇಡಿ.

ಕೇರಂ ಬೋರ್ಡಿಗೆ ಹಾಕೋ ಬೋರಿಕ್ ಪೌಡರೂ ಕೆಲಸ ಮಾಡತ್ತೆ, ನಿಧಾನಕ್ಕೆ. ಆದ್ರೆ ಗೋಧಿ ಹಿಟ್ಟು ಸಕ್ಕರೆ ಜೊತೆ ಉಂಡೆ ಕಟ್ಟಿ ಮೂಲೆಮೂಲೇಲಿ ಇಡೋ ಅಜ್ಜಿ ಕಾಲದ ಪದ್ಧತಿ ನಾಯಿ ಇರೋ ಮನೇಲಿ ಬೇಡ, ನಾಯಿಗೆ ಅದು ಲಾಡು. ಸಂದಿಯೊಳಗೆ ತೆಳ್ಳಗೆ ಊದಿ ಬಿಡಿ, ಅಷ್ಟೇ.

ಇರುವೆ ಸುಲಭ. ನಮ್ಮ ಊರ ಮನೇಲಿ ಹಾಲು ಮೊಸರು ಇಡೋ ಜಾಲರಿ ಬೀರುವಿನ ಕಾಲುಗಳನ್ನ ನೀರಿನ ಬಟ್ಟಲಲ್ಲಿ ಇಡ್ತಿದ್ರು ನೋಡಿ, ಅದೇ ಐಡಿಯಾ. ಅಗಲ ತಟ್ಟೇಲಿ ಒಂದು ಬೆರಳು ನೀರು ಹಾಕಿ ಅದರ ಮಧ್ಯ ಬೆಕ್ಕು ನಾಯಿ ಊಟದ ಬಟ್ಟಲು ಇಡಿ. ಸಾಲು ಬಂದ ದಾರಿನ ಸೋಪು ನೀರಲ್ಲಿ ಒರೆಸಿ, ವಾಸನೆ ಗುರುತು ಅಳಿದ್ರೆ ಹಿಂದಿನವು ದಾರಿ ತಪ್ತವೆ. ಅರ್ಧ ತಿಂದ ಕೋಳಿ ಅನ್ನ ರಾತ್ರಿಯಿಡೀ ಬಿಟ್ಟು ಇರುವೆ ಯಾಕೆ ಬಂತು ಅಂತ ಕೇಳಬೇಡಿ.

ಸೊಳ್ಳೆಗೆ ಕಿಟಕಿ ಬಾಲ್ಕನಿಗೆ ಮೆಶ್ ಹಾಕ್ಸಿ, ಬೆಕ್ಕಿದ್ರೆ ಸ್ಟೀಲ್ ಮೆಶ್ಶೇ, ನೈಲಾನ್ ಆದ್ರೆ ಒಂದು ವಾರಕ್ಕೆ ಹರಿದು ಹಾಕತ್ತೆ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಸೆಕೆಗಾಲದಲ್ಲಿ ಏಳೆಂಟು ದಿನ ಸಾಕು, ಸೊ ವಾರಕ್ಕೊಮ್ಮೆ ಕುಂಡದ ಕೆಳಗಿನ ತಟ್ಟೆ, ಫ್ರಿಜ್ ಹಿಂದಿನ ಟ್ರೇ ಖಾಲಿ ಮಾಡಿ. ನಾನು ಒಂದ್ಸಲ ಬಾಲ್ಕನೀಲಿದ್ದ ನಾಯಿ ನೀರಿನ ಬಟ್ಟಲನ್ನೇ ಬಗ್ಗಿ ನೋಡಿದ್ರೆ ಒಳಗೆ ಸಣ್ಣ ಹುಳಗಳು ಕುಣೀತಿದ್ವು, ಬರೀ ಮೇಲೆ ನೀರು ತುಂಬಿಸ್ತಿದ್ದೆ, ತಿಕ್ಕಿ ತೊಳೀತಿರ್ಲಿಲ್ಲ. ಮಲಗೋವಾಗ ಫ್ಯಾನ್ ಜೋರಾಗಿ ಹಾಕಿ, ಸೊಳ್ಳೆಗೆ ಗಾಳಿ ಎದುರು ಹಾರೋ ತಾಕತ್ತಿಲ್ಲ. ಕಾಯಿಲ್, ಸಾಂಬ್ರಾಣಿ ಹೊಗೆ ಮುಚ್ಚಿದ ರೂಮಲ್ಲಿ ಬೇಡ, ಪಕ್ಷಿ ಸಾಕಿದ್ರೆ ಅಂತೂ ಬೇಡವೇ ಬೇಡ.

ನಾಯಿ ಮೈಮೇಲಿನ ಉಣ್ಣಿ ಹೋಗೋಕೆ ನಾಯಿಗೆ ಮಾತ್ರ ಔಷಧಿ ಹಾಕಿದ್ರೆ ಸಾಲಲ್ಲ, ಉಣ್ಣಿ ಗೋಡೆ ಸಂದೀಲಿ ಸಾವಿರಗಟ್ಟಲೆ ಮೊಟ್ಟೆ ಇಡತ್ತೆ. ಹಾಸಿಗೆ ಬಿಸಿನೀರಲ್ಲಿ ಒಗೀರಿ, ಸಂದಿ ಮೂಲೆ ವ್ಯಾಕ್ಯೂಮ್ ಮಾಡಿ, ಆ ಕಸನ ಕವರಲ್ಲಿ ಕಟ್ಟಿ ತಕ್ಷಣ ಹೊರಗೆ ಹಾಕಿ.

ನ್ಯಾಚುರಲ್ ಅಂದ ಮಾತ್ರಕ್ಕೆ ನಂಬಬೇಡಿ. ಟೀ ಟ್ರೀ ಎಣ್ಣೆ ಬೆಕ್ಕು ನಾಯಿ ಎರಡಕ್ಕೂ ವಿಷ, ಕರ್ಪೂರ ವಿಷ, ಬಟ್ಟೆ ಬೀರುವಿನ ನುಸಿ ಗುಳಿಗೆ ಒಂದು ನಾಯಿ ಬಾಯಿಗೆ ಹೋದ್ರೂ ಆಸ್ಪತ್ರೆಗೆ ಓಡಬೇಕು.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವ್ರು ಪೆಸ್ಟ್ ಕಂಟ್ರೋಲ್ ಕರೆಸ್ತಾರಲ್ಲ, ಆಗ ಬಂದವ್ರು "ಏನಾಗಲ್ಲ ಮೇಡಂ, ಹರ್ಬಲ್ಲು" ಅಂದ್ರೆ ಡಬ್ಬ ತೋರ್ಸಿ ಅನ್ನಿ, ಮೇಲಿರೋ ಹೆಸರನ್ನ ಫೋಟೋ ತೆಗೆದಿಟ್ಕೊಳ್ಳಿ. ಸ್ಪ್ರೇ ಬೇಡ, ಜೆಲ್ ಸಾಕು ಅಂತ ಹೇಳೋ ಹಕ್ಕು ನಿಮಗಿದೆ. ಸ್ಪ್ರೇ ಮಾಡಲೇಬೇಕು ಅಂದ್ರೆ ನೆಲ ಪೂರ್ತಿ ಒಣಗಿ ಗಾಳಿಯಾಡೋವರೆಗೂ ಪ್ರಾಣಿಗಳು ಆಚೆ ಇರ್ಲಿ, ಮೀನಿನ ಟ್ಯಾಂಕ್ ಇದ್ರೆ ಮುಚ್ಚಿ ಏರ್ ಪಂಪ್ ಆಫ್ ಮಾಡಿ, ಅದು ರೂಮಿನ ಗಾಳಿನೇ ನೀರಿಗೆ ಎಳೆಯೋದು. ಅಷ್ಟು ಮಾಡಿದ್ಮೇಲೂ ಪ್ರಾಣಿ ಜೊಲ್ಲು ಸುರಿಸಿದ್ರೆ, ನಡುಗಿದ್ರೆ, ತೂರಾಡಿದ್ರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬೇಡಿ, ಆ ಫೋಟೋ ಹಿಡ್ಕೊಂಡು ಸೀದಾ ಡಾಕ್ಟ್ರ ಹತ್ರ ಹೋಗಿ, ರಾತ್ರಿ ತೆಗ್ದಿರೋ ಕ್ಲಿನಿಕ್ ಯಾವ್ದು ಅಂತ ಇವತ್ತೇ ವಿಚಾರಿಸಿ ನಂಬರ್ ಫ್ರಿಜ್ ಮೇಲೆ ಅಂಟಿಸಿಡಿ.